ಓದುಗರ ಪ್ರಶ್ನೆ: ಸೆಪ್ಟೆಂಬರ್ ಕೊನೇಲಿ ಝಯಾನ್‌ಗೆ ಹೊರಟಿದೀವಿ, ಏನ್ ನೋಡೋದು, ಏನ್ ಬಿಡೋದು?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಊರಿನ ಬಗ್ಗೆ. ಅಮೆರಿಕದ ಯೂಟಾ ರಾಜ್ಯದ ಝಯಾನ್ ನ್ಯಾಷನಲ್ ಪಾರ್ಕ್. ಅದಕ್ಕೇ ಬೇರೆ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ತಳ್ಳಿದೀನಿ, ಬೇಜಾರ್ ಮಾಡ್ಕೋಬೇಡಿ.

ಪ್ರಶ್ನೆ: ಮೇಡಂ ನಮಸ್ಕಾರ. ನಾವಿರೋದು ಸ್ಯಾನ್ ಹೋಸೆಯಲ್ಲಿ, ಬಾಗಲಕೋಟೆಯಿಂದ ಅತ್ತೆ ಮಾವ ಬಂದಿದಾರೆ. ಸೆಪ್ಟೆಂಬರ್ ಕೊನೇ ವಾರ ಐದು ದಿನ ರಜ ಸಿಕ್ಕಿದೆ, ಲಾಸ್ ವೇಗಸ್‌ವರೆಗೂ ಫ್ಲೈಟು, ಅಲ್ಲಿಂದ ಬಾಡಿಗೆ ಕಾರು. ಝಯಾನ್, ಬ್ರೈಸ್, ಗ್ರ್ಯಾಂಡ್ ಕ್ಯಾನಿಯನ್, ಆರ್ಚಸ್, ಮಾನ್ಯುಮೆಂಟ್ ವ್ಯಾಲಿ ಎಲ್ಲ ನೋಡ್ಬಿಡೋಣ ಅಂತಾರೆ ನಮ್ಮವ್ರು. ಅತ್ತೆಗೆ ಮೊಣಕಾಲು ನೋವು, ಮಗಳಿಗೆ ಒಂಬತ್ತು ವರ್ಷ. ಮಾವ ಮಾತ್ರ "ಬದಾಮಿ ಗುಡ್ಡ ನೋಡೇವಿ, ಮತ್ತ ಅದ ಕೆಂಪ ಕಲ್ಲ ನೋಡಾಕ ಇಷ್ಟ್ ದೂರ ಯಾಕ್ ಹೋಗಬೇಕವಾ" ಅಂತ ಕೂತಿದಾರೆ. ಹೇಗೆ ಪ್ಲ್ಯಾನ್ ಮಾಡೋದು?

ಉತ್ತರ: ಮೊದ್ಲು ಆ ಲಿಸ್ಟಲ್ಲಿ ಮೂರನ್ನ ಹೊಡೆದುಹಾಕಿ. ಝಯಾನ್‌ನಲ್ಲಿ ಮೂರು ರಾತ್ರಿ, ಬ್ರೈಸ್‌ನಲ್ಲಿ ಒಂದು, ಅಷ್ಟೇ. ನಿಮ್ಮ ಯಜಮಾನ್ರು ಮ್ಯಾಪಲ್ಲಿ ಬೆರಳಿಟ್ಟು "ಇಲ್ಲೇ ಪಕ್ಕದಲ್ಲೇ ಇದೆ" ಅಂತಾರೆ, ನನಗೂ ಮನೇಲಿ ಅಂಥವ್ರೊಬ್ರು ಇದಾರೆ. ಝಯಾನಿಂದ ಆರ್ಚಸ್‌ಗೆ ಐದು ಗಂಟೆ ಮೇಲೆ ಡ್ರೈವ್, ಗ್ರ್ಯಾಂಡ್ ಕ್ಯಾನಿಯನ್ ಸೌತ್ ರಿಮ್ಮಿಗೂ (ಕಣಿವೆಯ ದಕ್ಷಿಣದ ಅಂಚು) ನಾಲ್ಕೂವರೆ ಐದು ಗಂಟೆ. ನಾರ್ತ್ ರಿಮ್ ಹತ್ರ ಅಲ್ವಾ ಅಂತೀರೇನೋ, ಅಲ್ಲಿದ್ದ ಹಳೇ ಲಾಡ್ಜು 2025ರ ಜುಲೈನ ಕಾಡ್ಗಿಚ್ಚಲ್ಲಿ ಸುಟ್ಟುಹೋಯ್ತು, ವಯಸ್ಸಾದವ್ರನ್ನ ಕರ್ಕೊಂಡು ಅತ್ತ ಹೋಗೋ ಯೋಚನೆ ಈಗ ಬೇಡ. ಮೊಣಕಾಲು ನೋವಿರೋರನ್ನ ದಿನಕ್ಕೆ ಐದೈದು ಗಂಟೆ ಕಾರಲ್ಲಿ ಕೂರಿಸಿದ್ರೆ ಇಳಿಯೋ ಹೊತ್ತಿಗೆ ಕಾಲೇ ಮಡಚಕ್ಕೆ ಬರಲ್ಲ, ಆಮೇಲೆ ಪಾರ್ಕ್ ನೋಡೋದು ಕಾರಿನ ಗಾಜಲ್ಲೇ.

ವೇಗಸ್ಸಿಂದ ಝಯಾನ್ ಸುಮಾರು 160 ಮೈಲಿ, ನಿಂತು ಹೋದ್ರೆ ಮೂರು ಗಂಟೆ. ಆದ್ರೆ ದಾರೀಲಿ ಒಂದು ಗಂಟೆ ಕಳವಾಗತ್ತೆ, ಯಾಕಂದ್ರೆ ಯೂಟಾ ಟೈಮು ವೇಗಸ್ ಇರೋ ನೆವಾಡಾಗಿಂತ ಒಂದು ಗಂಟೆ ಮುಂದೆ. ನಾವು ಮೊದಲ್ನೇ ಸಲ ಹೋದಾಗ ಇದನ್ನ ಲೆಕ್ಕಕ್ಕೇ ಹಿಡೀದೆ, ಮಧ್ಯಾಹ್ನ ಎರಡಕ್ಕೆ ತಲುಪಿದ್ವಿ ಅಂತ ಖುಷಿಯಾಗಿದ್ರೆ ಅಲ್ಲಿ ಮೂರಾಗಿತ್ತು, ಪಾರ್ಕಿಂಗ್ ಹುಡುಕೋದ್ರಲ್ಲಿ ನಾಲ್ಕಾಯ್ತು, ಆವತ್ತಿನ ದಿನ ಹಂಗೇ ಹೋಯ್ತು.

ಪಾರ್ಕಿಂಗ್ ಅಂದೆ ನೋಡಿ, ಝಯಾನ್‌ನಲ್ಲಿ ನಿಜವಾಗಿ ಪ್ಲ್ಯಾನ್ ಮಾಡ್ಬೇಕಾಗಿರೋದು ಅದನ್ನೇ. ಕಣಿವೆ ಒಳಗಿನ ರಸ್ತೇಲಿ ವಸಂತದಿಂದ ನವೆಂಬರ್‌ವರೆಗೂ ನಿಮ್ಮ ಕಾರು ಬಿಡಲ್ಲ, 2000ನೇ ಇಸವಿಯಿಂದ ಪಾರ್ಕಿನ ಶಟಲ್ ಬಸ್ಸೇ. ಫ್ರೀ, ಒಟ್ಟು ಒಂಬತ್ತು ಸ್ಟಾಪು, ಒಂದು ತುದಿಯಿಂದ ಇನ್ನೊಂದು ತುದಿಗೆ ಮುಕ್ಕಾಲು ಗಂಟೆ. ವಿಸಿಟರ್ ಸೆಂಟರಿನ ಪಾರ್ಕಿಂಗ್ ಬೆಳಗ್ಗೆ ಎಂಟು ಒಂಬತ್ತಕ್ಕೆಲ್ಲ ತುಂಬೋಗತ್ತೆ. ಅದಕ್ಕೇ ಗೇಟಿಗೆ ಅಂಟಿಕೊಂಡೇ ಇರೋ ಸ್ಪ್ರಿಂಗ್‌ಡೇಲ್‌ನಲ್ಲಿ ರೂಮ್ ಮಾಡಿ, ಕಾರನ್ನ ಹೋಟೆಲಲ್ಲೇ ಬಿಟ್ಟು ಊರಿನ ಫ್ರೀ ಬಸ್ಸಲ್ಲಿ ಗೇಟಿಗೆ ಬನ್ನಿ. ರೂಮ್ ರೇಟ್ ಕೇಳಿದ್ರೆ ಎದೆ ಧಸಕ್ ಅನ್ನತ್ತೆ, ನಿಜ. ನಲವತ್ತು ಮೈಲಿ ದೂರದ ಸೇಂಟ್ ಜಾರ್ಜಲ್ಲಿ ಅಗ್ಗಕ್ಕೆ ಸಿಗತ್ತೆ, ಆದ್ರೆ ಬೆಳಗ್ಗೆ ಆರಕ್ಕೆ ಅತ್ತೆ ಮಾವ ಮಗೂನ ಏಳಿಸಿ ಕಾಫಿ ಕುಡಿಸಿ ಹೊರಡಿಸೋದು ನೀವು, ಆ ಹೋಟೆಲಿನವ್ರಲ್ಲ.

ಅತ್ತೆಗೆ ಎರಡು ದಾರಿ ಇವೆ. ಒಂದು ಪರೂಸ್ ಟ್ರೇಲ್, ವಿಸಿಟರ್ ಸೆಂಟರ್ ಹತ್ರಾನೇ ಶುರು, ವೀಲ್‌ಚೇರೂ ಹೋಗೋವಷ್ಟು ಸಮ, ಸಾಕು ಅನ್ಸಿದ್ ಕಡೆ ವಾಪಸ್ ತಿರುಗಬಹುದು, ನೆರಳು ಮಾತ್ರ ಕಮ್ಮಿ ಹಾಗಾಗಿ ಸಂಜೆ ಹೋಗಿ. ಇನ್ನೊಂದು ಕೊನೇ ಸ್ಟಾಪಿನ ರಿವರ್‌ಸೈಡ್ ವಾಕ್, ಹೋಗಿ ಬರೋದು ಸೇರಿ ಮೂರೂವರೆ ಕಿಲೋಮೀಟರು, ಸಿಮೆಂಟು ದಾರಿ, ಪಕ್ಕದಲ್ಲೇ ವರ್ಜಿನ್ ನದಿ. ನದಿ ಅಂದ್ರೆ ನಮ್ಮ ಕೃಷ್ಣೆ ಘಟಪ್ರಭೆ ಥರ ಅಲ್ಲ, ಬೇಸಿಗೆ ಹಳ್ಳದಷ್ಟೇ. ಇಷ್ಟು ನೀರು ಇಷ್ಟು ಎತ್ತರದ ಗೋಡೆ ಕೊರೀತಾ ಅಂತ ಮಾವ ನಂಬಲ್ಲ ನೋಡಿ!

ಮಾವನಿಗೆ ಹೇಳೋ ಉತ್ತರ ಬೇರೆ ಇದೆ. ಬಾದಾಮಿ ಕಲ್ಲೂ ಮರಳುಗಲ್ಲೇ, ವಯಸ್ಸಲ್ಲಿ ಇದಕ್ಕಿಂತ ಎಷ್ಟೋ ಪಟ್ಟು ಹಳೇದು, ಆ ವಿಷಯದಲ್ಲಿ ಅವ್ರು ಗೆದ್ರು. ಆದ್ರೆ ಝಯಾನ್ ಗೋಡೆ ಒಂದು ಕಾಲದ ಮರಳುಗಾಡು. ಹದಿನೆಂಟು ಕೋಟಿ ವರ್ಷಕ್ಕೂ ಹಿಂದೆ ಗಾಳಿ ಗುಡ್ಡೆ ಹಾಕಿದ್ದ ಮರಳು ದಿಬ್ಬಗಳು ಹಂಗಂಗೇ ಕಲ್ಲಾಗಿ ನಿಂತಿವೆ. ನವಾಹೋ ಸ್ಯಾಂಡ್‌ಸ್ಟೋನ್ ಅಂತಾರೆ, ಕೆಲವು ಕಡೆ ಎರಡು ಸಾವಿರ ಅಡಿ ದಪ್ಪ. ಬ್ರೈಸ್‌ಗೆ ಹೋಗೋ ದಿನ ಪೂರ್ವದ ಗೇಟಿನ ಕಡೆಯಿಂದ ಹೋಗಿ, 1930ರಲ್ಲಿ ಬಂಡೆ ಕೊರೆದು ಮಾಡಿದ 1.1 ಮೈಲಿ ಸುರಂಗ ಸಿಗತ್ತೆ, ಒಳಗೆ ಕತ್ತಲು, ಮಧ್ಯೆ ಮಧ್ಯೆ ಬಂಡೆಗೇ ಕಿಟಕಿ ಕೊರೆದಿದಾರೆ, ಕಾರು ನಿಲ್ಲಿಸೋ ಹಾಗಿಲ್ಲ, ಒಂದು ಸೆಕೆಂಡು ಕಣಿವೆ ಕಾಣ್ಸಿ ಮರೆಯಾಗತ್ತೆ. ಮಗಳು ಇನ್ನೊಂದ್ಸಲ ಅಂತ ಹಟ ಮಾಡ್ತಾಳೆ, ನಾನು ಹೇಳಿರ್ತೀನಿ. ಸುರಂಗ ದಾಟಿದ್ಮೇಲೆ ಗೇಟಿನ ಹತ್ರ ಚೆಕರ್‌ಬೋರ್ಡ್ ಮೇಸಾ ಅಂತ ಬೋಳು ಗುಡ್ಡ ಬರತ್ತೆ. ಅಲ್ಲಿ ಮಾವನ್ನ ಕಾರಿಂದ ಇಳಿಸಿ, ಬಂಡೆ ಮೇಲಿರೋ ಓರೆ ಗೆರೆಗಳನ್ನ ತೋರ್ಸಿ. ಆವತ್ತು ಗಾಳಿ ಯಾವ ಕಡೆಯಿಂದ ಬೀಸ್ತಿತ್ತು ಅನ್ನೋದು ಆ ಗೆರೆಯಲ್ಲೇ ಇದೆ. ಜೋಳದ ರಾಶಿ ತೂರಿದ ಮನೆಯವ್ರಾದ್ರೆ ತಕ್ಷಣ ಗೊತ್ತಾಗತ್ತೆ ಅವ್ರಿಗೆ.

ದುಡ್ಡಿನ ವಿಷಯ ಒಂದಿದೆ, ಗೇಟಲ್ಲಿ ಗೊತ್ತಾದ್ರೆ ಬೇಜಾರಾಗತ್ತೆ. 2026ರ ಜನವರಿ 1ರಿಂದ ಅಮೆರಿಕದ ನಿವಾಸಿಗಳಲ್ಲದೋರಿಗೆ, ಅಂದ್ರೆ ವಿಸಿಟರ್ ವೀಸಾದಲ್ಲಿ ಬಂದ ಅತ್ತೆ ಮಾವನಂಥೋರಿಗೆ, ಝಯಾನ್ ಬ್ರೈಸ್ ಸೇರಿ 11 ಪಾರ್ಕ್‌ಗಳಲ್ಲಿ ತಲೆಗೆ 100 ಡಾಲರ್ ಹೆಚ್ಚುವರಿ ಹಾಕಿದಾರೆ, ಅದು ಬೇಡ ಅಂದ್ರೆ 250 ಡಾಲರಿನ ವರ್ಷದ ಪಾಸ್. ಇಬ್ರು, ಎರಡು ಪಾರ್ಕು ಅಂದ್ರೆ 400 ಆಗೋಯ್ತು, ಪಾಸೇ ಅಗ್ಗ. ಇಲ್ಲಿರೋರಿಗೆ ವರ್ಷದ ಪಾಸ್ 80 ಡಾಲರೇ, ನಿಮ್ಮ ಡ್ರೈವಿಂಗ್ ಲೈಸೆನ್ಸ್ ಜೊತೇಲಿರ್ಲಿ. ಹೊರಡೋ ವಾರ ಪಾರ್ಕಿನ ವೆಬ್‌ಸೈಟಲ್ಲಿ ರೇಟು ಇನ್ನೊಂದ್ಸಲ ನೋಡ್ಕೊಳ್ಳಿ.

ಬಟ್ಟೆ? ಕ್ಯಾಲೆಂಡರಲ್ಲಿ ಶರತ್ಕಾಲ, ಝಯಾನ್ ತಳದಲ್ಲಿ ಮಧ್ಯಾಹ್ನ ಇನ್ನೂ 30 ಡಿಗ್ರಿ ಮೇಲೆ. ಬೆವರು ಚರ್ಮದ ಮೇಲೆ ನಿಲ್ಲೋದೇ ಇಲ್ಲ, ಒಣಗಿಹೋಗತ್ತೆ, ಹಾಗಾಗಿ ಬಾಯಾರಿಕೆ ಗೊತ್ತಾಗೋ ಅಷ್ಟರಲ್ಲಿ ತಲೆನೋವು ಬಂದಿರತ್ತೆ. ತಲೆಗೆ ನಾಲ್ಕು ಲೀಟರ್ ನೀರು ದಿನಕ್ಕೆ. ಬ್ರೈಸ್ ಇರೋದು ಎಂಟು ಸಾವಿರ ಅಡಿ ಮೇಲೆ, ಅಲ್ಲಿ ರಾತ್ರಿ ನೀರು ಹೆಪ್ಪುಗಟ್ಟೋ ಚಳಿ, ಸ್ವೆಟರು ಟೊಪ್ಪಿ ಎರಡೂ ಬೇಕು.

ಪ್ರಶ್ನೆ: ಝಯಾನಿನ ಕಿರಿದಾದ ಕಣಿವೆ ನ್ಯಾರೋಸ್‌ನಲ್ಲಿ ನದಿ ಒಳಗೇ ನಡ್ಕೊಂಡು ಹೋಗೋದಂತೆ. ನಾನು ನಮ್ಮ ಬಾವ ಇಬ್ರೂ ತೀರ್ಥಹಳ್ಳಿಯವ್ರು, ಹೊಳೆ ನೀರು ನಮಗೇನ್ ಹೊಸದಲ್ಲ. ಅಪಾಯ ಅಂತ ಹೆದರಿಸ್ತಾರಲ್ಲ, ನಿಜಾನಾ? (ಆಸ್ಟಿನ್‌ನಿಂದ ಒಬ್ಬ ಓದುಗರು)

ಉತ್ತರ: ಹೊಳೆ ಗೊತ್ತಿರೋರಿಗೇ ಜಾಸ್ತಿ ಹೇಳ್ಬೇಕು ಸರ್. ರಿವರ್‌ಸೈಡ್ ವಾಕ್ ಮುಗಿಯೋ ಕಡೆ ಮೆಟ್ಟಿಲಿಳಿದ್ರೆ ಸೀದಾ ನೀರಿಗೆ, ಅಲ್ಲಿಂದ ಬಿಗ್ ಸ್ಪ್ರಿಂಗ್‌ವರೆಗೆ, ಅಂದ್ರೆ ಬಸ್ ಸ್ಟಾಪಿಂದ ಲೆಕ್ಕ ಹಾಕಿದ್ರೆ ಐದು ಮೈಲಿ ಆಸುಪಾಸು, ಪರ್ಮಿಟ್ ಬೇಡ, ಹೋದ ದಾರೀಲೇ ವಾಪಸ್. ಎರಡೂ ಕಡೆ ಗೋಡೆ, ಕೆಲವು ಕಡೆ ದಂಡೆ ಅನ್ನೋದೇ ಇಲ್ಲ. ತಳದಲ್ಲಿ ದುಂಡು ಕಲ್ಲು, ಪಾಚಿ ಬೇರೆ, ಸೋಪು ಹಚ್ಚಿದ ತೆಂಗಿನಕಾಯಿ ರಾಶಿ ಮೇಲೆ ಕಾಲಿಟ್ಟ ಹಾಗೆ. ಸ್ಪ್ರಿಂಗ್‌ಡೇಲ್ ಅಂಗಡಿಗಳಲ್ಲಿ ನೀರಿಗೆ ಹಾಕೋ ಬೂಟು, ದಪ್ಪ ಸಾಕ್ಸು, ಭುಜದೆತ್ತರದ ಮರದ ಕೋಲು ಬಾಡಿಗೆಗೆ ಕೊಡ್ತಾರೆ, ತಗೊಳ್ಳಿ. ಕೋಲು ಯಾಕೆ ಅಂತ ಜಂಬ ಮಾಡಿ ಬಿಟ್ಟು ಹೋದವಳು ನಾನು, ಹತ್ತನೇ ನಿಮಿಷಕ್ಕೆ ಫೋನ್ ಸಮೇತ ಕೂತಿದ್ದೆ ನೀರಲ್ಲಿ.

ಅಪಾಯ ಇರೋದು ಮಳೇಲಿ. ನಿಮ್ಮೂರಲ್ಲಿ ಮೇಲೆಲ್ಲೋ ಘಟ್ಟದಲ್ಲಿ ಹೊಡೆದು ಇಲ್ಲಿ ಬಿಸಿಲಿರೋವಾಗಲೇ ಹಳ್ಳ ಏರತ್ತಲ್ಲ, ಅದೇ, ಆದ್ರೆ ಇಲ್ಲಿ ನೀರು ಹೀರೋಕೆ ಮಣ್ಣೂ ಇಲ್ಲ ಮರಾನೂ ಇಲ್ಲ, ಬೋಳು ಬಂಡೆ ಮೇಲೆ ಬಿದ್ದದ್ದೆಲ್ಲ ಒಂದೇ ಸಲ ಆ ಸಂದಿಗೆ ಬರತ್ತೆ, ಮತ್ತೆ ನಿಮಗೆ ಓಡಿಹೋಗೋಕೆ ದಂಡೆ ಇಲ್ಲ. 2015ರ ಸೆಪ್ಟೆಂಬರ್ 14ರಂದು ಇದೇ ಪಾರ್ಕಿನ ಕೀಹೋಲ್ ಕ್ಯಾನಿಯನ್ ಅನ್ನೋ ಇನ್ನೊಂದು ಕಿರಿದಾದ ಸಂದೀಲಿ ಏಳು ಜನ ಹೀಗೇ ಪ್ರವಾಹಕ್ಕೆ ಸಿಕ್ಕಿ ತೀರಿಹೋದ್ರು. ಅಲ್ಲಿ ಮಾನ್ಸೂನ್ ಜುಲೈ ಮಧ್ಯದಿಂದ ಸೆಪ್ಟೆಂಬರ್‌ವರೆಗೂ ಇರತ್ತೆ, ಹಾಗಾಗಿ ನೀವು ಹೋಗೋ ವಾರ ಸೇಫು ಅಂತ ಕಣ್ಮುಚ್ಚಿ ಹೇಳೋ ಹಾಗಿಲ್ಲ. ಬೆಳಗ್ಗೆ ವಿಸಿಟರ್ ಸೆಂಟರಲ್ಲಿ ಆ ದಿನದ ಫ್ಲ್ಯಾಶ್ ಫ್ಲಡ್ (ದಿಢೀರ್ ಪ್ರವಾಹ) ಮುನ್ಸೂಚನೆ ಹಾಕಿರ್ತಾರೆ, ಅದರಲ್ಲಿ "ಸಾಧ್ಯತೆ ಇಲ್ಲ" ಅಂತಿದ್ರೆ ಮಾತ್ರ ಇಳೀರಿ ಅಂತೀನಿ ನಾನು. ಒಳಗಿದ್ದಾಗ ತಿಳಿನೀರು ಇದ್ದಕ್ಕಿದ್ದ ಹಾಗೆ ಕೆಂಪಗಾಯ್ತೋ, ಕಡ್ಡಿ ಕಸ ತೇಲಿಬಂತೋ, ಮೇಲಿಂದ ಗುಡುಗಿದ ಹಾಗೆ ಸದ್ದು ಬಂತೋ, ಫೋಟೋ ತೆಗೀತಾ ನಿಲ್ಬೇಡಿ, ಕೈಗೆ ಸಿಕ್ಕ ಎತ್ತರಕ್ಕೆ ಹತ್ತಿ ಕೂತ್ಕೊಳ್ಳಿ. ಮತ್ತೆ ಆ ನೀರು ಕುಡೀಬೇಡಿ, ಬಾಯಿಗೂ ಹೋಗೋದು ಬೇಡ, 2020ರಿಂದ ಆ ನದೀಲಿ ವಿಷದ ಪಾಚಿ ಕಾಣಿಸ್ಕೊಂಡಿದೆ.

ಇನ್ನೊಂದು, ಕೊನೇ ಶಟಲ್ ಎಷ್ಟೊತ್ತಿಗೆ ಅಂತ ಇಳಿಯೋ ಮುಂಚೆನೇ ನೋಡಿಟ್ಕೊಳ್ಳಿ. ತಪ್ಪಿದ್ರೆ ಒದ್ದೆ ಬೂಟಲ್ಲಿ ಕತ್ತಲಲ್ಲಿ ಏಳೆಂಟು ಮೈಲಿ ನಡೀಬೇಕು.

ಪ್ರಶ್ನೆ: ಝಯಾನಿನ ಬಂಡೆ ಶಿಖರ ಏಂಜಲ್ಸ್ ಲ್ಯಾಂಡಿಂಗ್‌ಗೆ ಪರ್ಮಿಟ್ ಸಿಗ್ಲಿಲ್ಲ ಅಕ್ಕಾ. ಸುಮ್ನೆ ಹೋದ್ರೆ ಹಿಡೀತಾರಾ? (ಅರಿಜೋನಾದಲ್ಲಿ ಎಂಎಸ್ ಓದ್ತಿರೋ ಹುಡುಗ)

ಉತ್ತರ: ಹಿಡೀತಾರೆ ಕಣಪ್ಪ, ಸ್ಟೂಡೆಂಟ್ ವೀಸಾ ಇಟ್ಕೊಂಡು ಅಂಥ ಬುದ್ಧಿವಂತಿಕೆ ಬೇಡ. 2022ರ ಏಪ್ರಿಲ್ 1ರಿಂದ ಪರ್ಮಿಟ್ ಕಡ್ಡಾಯ. ತಿಂಗಳುಗಟ್ಟಲೆ ಮುಂಚೆ ಹಾಕೋ ಲಾಟರೀಲಿ ಬರ್ಲಿಲ್ಲ ಅಂದ್ರೂ ಹಿಂದಿನ ದಿನದ್ದು ಬೇರೆ ಲಾಟರಿ ಇದೆ, ಮಧ್ಯಾಹ್ನ ಮೂರರೊಳಗೆ ಅರ್ಜಿ ಹಾಕು, ಸಂಜೆ ನಾಲ್ಕಕ್ಕೆ ರಿಸಲ್ಟು. ಅದೂ ಬರ್ಲಿಲ್ವಾ, ಅದೇ ದಾರೀಲಿ ಶಿಖರಕ್ಕೂ ಮುಂಚೆ ಸಿಗೋ ಸ್ಕೌಟ್ ಲುಕ್‌ಔಟ್‌ವರೆಗೆ ಪರ್ಮಿಟ್ ಇಲ್ದೆ ಹೋಗ್ಬಹುದು. ವಾಲ್ಟರ್ಸ್ ವಿಗಲ್ಸ್ ಅಂತ 21 ಹಾವಿನ ಸುತ್ತಿನ ತಿರುವು ಹತ್ತಿದ್ರೆ ಅಲ್ಲಿರ್ತೀಯ, ಅಲ್ಲಿಂದ ಮುಂದಿನ ಅರ್ಧ ಮೈಲಿ ಬಂಡೆಗೆ ಹೊಡೆದ ಸರಪಳಿ ಹಿಡ್ಕೊಂಡು ಹೋಗೋದು, ಎರಡೂ ಕಡೆ ಸಾವಿರ ಅಡಿ ಪ್ರಪಾತ. ನನ್ನ ಕೇಳಿದ್ರೆ ಆ ಕಡೆ ಹೋಗೋರನ್ನ ಕೂತ್ಕೊಂಡು ನೋಡೋದ್ರಲ್ಲೇ ಅರ್ಧ ಮಜ ಇದೆ, ಆದ್ರೆ ನಾನು ಎತ್ತರಕ್ಕೆ ಹೆದ್ರೋಳು, ನನ್ನ ಮಾತು ಅಷ್ಟಕ್ಕಷ್ಟೇ.

ಪ್ರಶ್ನೆ: ಫಾಲ್ ಕಲರ್ಸ್, ಅಂದ್ರೆ ಶರತ್ಕಾಲದ ಎಲೆ ಬಣ್ಣ ನೋಡೋಕೆ ಸೆಪ್ಟೆಂಬರ್ ಕೊನೆ ಸರೀನಾ?

ಉತ್ತರ: ಝಯಾನ್ ತಳದಲ್ಲಿ ಇಲ್ಲ. ಅಲ್ಲಿನ ಕಾಟನ್‌ವುಡ್ ಮರ ಹಳದಿ ಆಗೋದು ಅಕ್ಟೋಬರ್ ಕೊನೆ, ನವೆಂಬರ್ ಮೊದಲು. ಆದ್ರೆ ಆ ವಾರ ಎತ್ತರದ ಸೀಡರ್ ಬ್ರೇಕ್ಸ್ ಕಡೆ ಆಸ್ಪೆನ್ ಮರಗಳು ಅರಿಶಿನ ಬಳಿದ ಹಾಗಿರ್ತವೆ. ಬಣ್ಣ ಮುಖ್ಯಾನಾ ಮೇಲೆ ಹೋಗಿ, ನೀರಲ್ಲಿ ನಡಿಯೋದು ಮುಖ್ಯಾನಾ ಕೆಳಗಿರಿ.

ಪ್ರಶ್ನೆ: ನಾವು ಈರುಳ್ಳಿ ಬೆಳ್ಳುಳ್ಳಿ ಕೂಡ ತಿನ್ನಲ್ಲ. ಅಲ್ಲಿ ಊಟಕ್ಕೆ ಏನ್ ಗತಿ?

ಉತ್ತರ: ಅಡುಗೆಮನೆ ಇರೋ ರೂಮ್ ಹಿಡೀರಿ, ತರಕಾರಿ ಮೊಸರು ಸೇಂಟ್ ಜಾರ್ಜಲ್ಲೇ ತಗೊಂಡುಬಿಡಿ, ಆಮೇಲೆ ಸಿಗೋ ಅಂಗಡಿ ಚಿಕ್ಕವು, ರೇಟು ದೊಡ್ಡವು. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಗೊಜ್ಜವಲಕ್ಕಿ ಪುಡಿ ಮನೆಯಿಂದ. ಟ್ರೇಲಿಗೆ ಮಾತ್ರ ಮೊಸರನ್ನ ತಗೊಂಡು ಹೋಗ್ಬೇಡಿ, ಆ ಬಿಸಿಲಿಗೆ ಹತ್ತೂವರೆಗೇ ಹುಳಿ ಬರತ್ತೆ, ಪುಳಿಯೋಗರೆನೇ ಸರಿ. ತಿನ್ನೋವಾಗ ಅಳಿಲು ಬಂದು ಕಾಲ್ಹತ್ರ ಕೈಮುಗಿದ ಹಾಗೆ ನಿಲ್ಲತ್ತೆ. ರಾಮಾಯಣದ ಅಳಿಲು ಅಂತ ಮಗು ಕಡಲೆಬೀಜ ಕೊಡಕ್ಕೆ ಹೋದ್ರೆ ಬೆರಳಿಗೇ ಬಾಯಿ ಹಾಕತ್ತೆ, ಪಾರ್ಕಿನವ್ರೂ ಬೇಡ ಅಂತ ಬೋರ್ಡ್ ಹಾಕಿದಾರೆ. ಡಬ್ಬಿ ಮುಚ್ಚಳ ಗಟ್ಟಿಯಾಗಿ ಹಾಕ್ಕೊಂಡು ಕೂತ್ಕೊಳ್ಳಿ, ಬ್ಯಾಗಿನ ಜಿಪ್ಪೂ ಅಷ್ಟೇ, ನಮ್ಮ ಚಕ್ಕುಲಿ ಪ್ಯಾಕೆಟ್ ಹೋಗಿದ್ದು ಹಾಗೇ.