ಬಿಡುವು ಸಿಕ್ಕರೆ ಸೋಮಾರಿಯಾಗುತ್ತೇನಾ?

ಸಂಬಳ ಕಡಿಮೆಯಾದರೂ ಸರಿ, ವಾರಕ್ಕೆ ನಾಲ್ಕೇ ದಿನ ದುಡಿದು ಉಳಿದ ಸಮಯವನ್ನು ಮನೆಗೆ, ನೆರೆಹೊರೆಗೆ ಕೊಡಬೇಕೆಂದಿದ್ದೀರಿ. ಆದರೆ ಸೋಮಾರಿಯಾಗಿಬಿಡುವ ಭಯ ಎಂದು ಕೇಳಿದ್ದೀರಿ. ಆ ಭಯವನ್ನು ಪೂರ್ತಿ ತಳ್ಳಿಹಾಕಬೇಡಿ. 1930ರ ಸುಮಾರಿಗೆ ಆಸ್ಟ್ರಿಯಾದ ಮರಿಯೆಂತಾಲ್ ಎಂಬ ಹಳ್ಳಿಯಲ್ಲಿ ಜವಳಿ ಕಾರ್ಖಾನೆ ಮುಚ್ಚಿ ಊರಿಗೆ ಊರೇ ಕೆಲಸ ಕಳೆದುಕೊಂಡಿತು. ಸಮಾಜ ಮನೋವಿಜ್ಞಾನಿ ಮರೀ ಯಹೋಡಾ ಮತ್ತು ಸಂಗಡಿಗರು ಅಧ್ಯಯನಕ್ಕೆಂದು ಹೋಗಿ ನೋಡಿದರೆ, ಬೇಕಾದಷ್ಟು ಸಮಯವಿದ್ದರೂ ಗ್ರಂಥಾಲಯದಿಂದ ಪುಸ್ತಕ ಒಯ್ಯುವವರು ಕಡಿಮೆಯಾಗಿದ್ದರು, ಸಂಘಗಳು ಸೊರಗಿದ್ದವು, ಗಂಡಸರ ನಡಿಗೆಯೇ ನಿಧಾನವಾಗಿತ್ತು. ಹೆಂಗಸರಿಗೆ ಮಾತ್ರ ಮನೆಗೆಲಸ ತಪ್ಪಿರಲಿಲ್ಲ. (ಅದನ್ನು ಕೆಲಸವೆಂದು ಯಾರು ಲೆಕ್ಕಕ್ಕಿಟ್ಟಿದ್ದರು ಬಿಡಿ!)

ಅವರಿಗೆ ಬಿದ್ದದ್ದು ಪೆಟ್ಟು, ನಿಮ್ಮದು ಆಯ್ಕೆ, ವ್ಯತ್ಯಾಸ ದೊಡ್ಡದು. ಆದರೂ ಬಿಡುವಿನ ದಿನ ನಿಮಗಾಗಿ ಯಾರಾದರೂ ಕಾಯುತ್ತಿರುವಂತೆ ನೋಡಿಕೊಳ್ಳಿ. ಮಕ್ಕಳ ಪಾಠವೋ, ವಯಸ್ಸಾದವರ ಆಸ್ಪತ್ರೆ ಓಡಾಟವೋ, ಏನಾದರೂ. ‘ಸಮಯ ಸಿಕ್ಕಾಗ ಮಾಡೋಣ’ ಎಂದುಕೊಂಡರೆ ಆ ದಿನವನ್ನು ಮೊಬೈಲೇ ನುಂಗುತ್ತದೆ. ಮನೆಗೆಲಸದ ಪಾಲನ್ನೂ ಈಗಲೇ ಮಾತಾಡಿಕೊಳ್ಳಿ.

ಇನ್ನು ಆಫೀಸಿನ ಕಡೆ: ದಿನ ಇಳಿದಷ್ಟೇ ಕೆಲಸವೂ ಇಳಿಯುತ್ತದೆ ಎಂದು ಬರಹದಲ್ಲಿ ಪಡೆಯಿರಿ. ಇಲ್ಲದಿದ್ದರೆ ಹಳೇ ಕೆಲಸವನ್ನೇ ಕಡಿಮೆ ಸಂಬಳಕ್ಕೆ ಮಾಡುತ್ತಿರುತ್ತೀರಿ.