ಲಾರಿಯಲ್ಲಿ ನೆನೆದ ಮೆಣಸು ಯಾರ ನಷ್ಟ?

ಗೋಣಿಕೊಪ್ಪದಿಂದ ಹುಬ್ಬಳ್ಳಿಗೆ ಕಳಿಸಿದ ಆರು ಚೀಲ ಕಾಳುಮೆಣಸು ದಾರಿಯಲ್ಲಿ ನೆನೆದು ಬೂಷ್ಟು ಹಿಡಿದಿದೆ, ವ್ಯಾಪಾರಿ ದುಡ್ಡು ಕೊಡಲ್ಲ ಅಂತಿದ್ದಾರೆ, ನಷ್ಟ ಯಾರದು ಅಂತ ಕೇಳಿದ್ದೀರಿ.

ಮೊದಲು ಎಲ್‌ಆರ್ (ಲಾರಿ ಆಫೀಸಿನವರು ಕೊಡೋ ಬುಕಿಂಗ್ ರಸೀದಿ) ತೆಗೆದು, ಯಾರ ಹೆಸರಿಗೆ ಬುಕ್ ಆಗಿದೆ ನೋಡಿ. 1930ರ ಸರಕು ಮಾರಾಟ ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ, ಬೇರೆ ಮಾತಾಗಿರದಿದ್ದರೆ, ಮಾಲು ಯಾರದೋ ನಷ್ಟವೂ ಅವರದೇ. ವ್ಯಾಪಾರಿಯ ಆರ್ಡರಿನಂತೆ ತೂಗಿ, ಅವರ ಹೆಸರಿಗೇ ಬುಕ್ ಮಾಡಿ ಲಾರಿ ಆಫೀಸಿಗೆ ಒಪ್ಪಿಸಿದ್ದರೆ ಸಾಮಾನ್ಯವಾಗಿ ಒಡೆತನ ಅಲ್ಲೇ ದಾಟುತ್ತೆ, ದುಡ್ಡು ಬರದಿದ್ದರೂ. ‘ಸೆಲ್ಫ್’ ಅಂತ, ಅಂದ್ರೆ ನಿಮ್ಮದೇ ಹೆಸರಿಗೆ, ಬರೆಸಿದ್ದರೆ (ದುಡ್ಡು ಬಂದಮೇಲೆ ರಸೀದಿ ಕಳಿಸೋಣ ಅಂತ ಹಾಗೆ ಮಾಡೋರಿದ್ದಾರೆ) ಮಾಲು ಇನ್ನೂ ನಿಮ್ಮದೇ ಅನ್ನೋ ವಾದಕ್ಕೆ ಬಲ ಬರುತ್ತೆ. ‘ನಿಮ್ಮ ಗೋಡೌನಿಗೇ ತಲುಪಿಸಿಕೊಡ್ತೀನಿ’ ಅಂತ ವಾಟ್ಸಾಪಲ್ಲಿ ಒಪ್ಪಿದ್ದರೂ ಕಷ್ಟ.

ಇನ್ನೊಂದು, ಈ ಮಳೆಯಲ್ಲಿ ಟಾರ್ಪಾಲ್ ಇಲ್ಲದ ಗಾಡಿಗೆ ಹಾಕಿದ್ದರೆ ಅದೇ ಕಾಯ್ದೆಯ 39ನೇ ಸೆಕ್ಷನ್ (ಮಾಲಿಗೆ ತಕ್ಕ ಸಾಗಣೆ ಏರ್ಪಾಡು ಮಾಡೋದು ಮಾರುವವರ ಹೊಣೆ ಅನ್ನುತ್ತೆ) ಹಿಡಿದು ವ್ಯಾಪಾರಿ ಜಾರಿಕೊಳ್ಳಬಹುದು. ಬಾಡಿಗೆ ಉಳಿಸೋಕೆ ಹೋಗಿ ನಾಲ್ಕು ಚೀಲ ಕಾಫಿ ಕಳಕೊಂಡವನು ನಾನು.

ಟ್ರಾನ್ಸ್‌ಪೋರ್ಟಿನವರಿಗಂತೂ ಈಗಲೇ ಲಿಖಿತ ನೋಟಿಸ್ ಕೊಡಿ. 2007ರ ರಸ್ತೆ ಸಾಗಣೆ ಕಾಯ್ದೆಯಲ್ಲಿ ಬುಕ್ ಮಾಡಿದ ದಿನದಿಂದ 180 ದಿನ ಗಡುವು. ತಪ್ಪಿದರೆ ಕೇಸೇ ಹಾಕೋಕಾಗಲ್ಲ. ಡೆಲಿವರಿ ರಸೀದಿ ಮೇಲೆ ‘ಚೀಲ ನೆನೆದಿದೆ’ ಅಂತ ವ್ಯಾಪಾರಿ ಷರಾ ಬರೆದಿದ್ದಾರಾ, ಅದನ್ನೂ ವಿಚಾರಿಸಿ.