ಬಾಂದೋಲಿನ ಒಗರಿನ ಪರವಾಗಿ

ಮಲ್ಲೇಶ್ವರದ ಓದುಗರೊಬ್ಬರು ಬರೆದಿದ್ದಾರೆ. ಫ್ರಾನ್ಸಿನಿಂದ ಬಂದ ಭಾವಮೈದುನ ದಕ್ಷಿಣ ಫ್ರಾನ್ಸಿನ ಬಾಂದೋಲ್ ಊರಿನ, 2021ರ ಕೊಯ್ಲಿನ ರೆಡ್ ವೈನಿನ ಎರಡು ಬಾಟಲಿ ತಂದುಕೊಟ್ಟರಂತೆ. ತಲೆಮಾರುಗಳಿಂದ ಒಂದೇ ಮನೆತನ ನಡೆಸಿಕೊಂಡು ಬಂದ ತೋಟದ್ದು. ಬಂದ ಸಂಜೆಯೇ ಒಂದನ್ನು ತೆಗೆದು ಖಾರದ ಕೋಳಿ ಸಾರಿನ ಜೊತೆ ಕುಡಿದರು. "ಮೂಗಿಗೆ ದನದ ಕೊಟ್ಟಿಗೆ, ಬಾಯಿಗೆ ಹಸಿ ಅಡಿಕೆ. ಇಷ್ಟು ಕಹಿಯಾದದ್ದನ್ನು ಸಂಪ್ರದಾಯ ಅಂತ ನೀವೂ ಹೊಗಳುತ್ತೀರಲ್ಲ? ಆ ಹಳೇ ಮರದ ಪೀಪಾಯಿ ಬಿಸಾಕಿ, ಸ್ಟೀಲ್ ಟ್ಯಾಂಕ್ ಹಾಕಿಸಿ, ನಯವಾದ ವೈನ್ ಮಾಡಬಾರದೇ? ಉಳಿದ ಬಾಟಲಿಯನ್ನು ಅಡುಗೆಗೆ ಸುರಿದುಬಿಡಲೇ?" ಎಂದು ಕೇಳಿದ್ದಾರೆ.

ದಯವಿಟ್ಟು ಸುರಿಯಬೇಡಿ. ನಿಮ್ಮ ನಾಲಿಗೆ ಸರಿಯಾಗಿಯೇ ಇದೆ, ಸ್ವಾಮಿ. ಹಸಿ ಅಡಿಕೆ ಎಂದು ಬರೆದ ಕೈಯೇ ಮುಂದಿನ ಸಾಲಿನಲ್ಲಿ ಕಹಿ ಎಂದು ಬರೆದದ್ದು ನಮಗೆ ಬೇಸರ ತಂದಿತು. ಹಾಗಲಕಾಯಿ ಕಹಿ. ಅಡಿಕೆ ಒಗರು. ಷಡ್ರಸಗಳಲ್ಲಿ ಅದಕ್ಕೆ ಬೇರೆಯದೇ ಸ್ಥಾನ ಕೊಟ್ಟವರು ನಾವು. ನೆಲ್ಲಿಕಾಯಿ, ನೇರಳೆ, ಎಳೆ ಬಾಳೆಕಾಯಿ ತಿಂದು ಬೆಳೆದ ನಾಲಿಗೆಗೆ ಈ ವ್ಯತ್ಯಾಸ ಯಾರೂ ಹೇಳಿಕೊಡಬೇಕಿಲ್ಲ. ಒಗರು ಎಂದರೆ ಟ್ಯಾನಿನ್. ಅದು ಎಂಜಲಿನಲ್ಲಿರುವ ಪ್ರೋಟೀನನ್ನು ಹಿಡಿದು ಗಂಟು ಕಟ್ಟಿಸುತ್ತದೆ. ಬಾಯಿಯ ಜಾರಿಕೆ ಹೋಗಿ ಒಣಗಿದಂತಾಗುತ್ತದೆ. ಬಾಳೆಹೂವನ್ನು ಹೆಚ್ಚಿ ಮಜ್ಜಿಗೆ ನೀರಿಗೆ ಹಾಕುತ್ತೇವಲ್ಲ, ಅಲ್ಲಿ ಮಜ್ಜಿಗೆಯ ಹುಳಿ ಹೂವು ಕಪ್ಪಾಗದಂತೆ ನೋಡಿಕೊಂಡರೆ, ಮಜ್ಜಿಗೆಯ ಪ್ರೋಟೀನು ಒಗರನ್ನು ಕಟ್ಟಿಕೊಂಡು ಹೋಗುತ್ತದೆ. ಫ್ರಾನ್ಸಿನ ಇನ್ನೊಂದು ವೈನ್ ನಾಡಾದ ಬೋರ್ದೋದವರು 225 ಲೀಟರಿನ ಪೀಪಾಯಿಗೆ ನಾಲ್ಕೈದು ಮೊಟ್ಟೆಯ ಬಿಳಿ ಹಾಕಿ ಒಗರು ಇಳಿಸುವುದೂ ಇದೇ ಲೆಕ್ಕದ ಮೇಲೆ.

ಬಾಂದೋಲಿನ ಒಗರು ಬರುವುದು ಮೂರ್ವೆದ್ರ್ ಎಂಬ ದ್ರಾಕ್ಷಿಯಿಂದ. ಕಾಯಿ ಸಣ್ಣದು, ಸಿಪ್ಪೆ ದಪ್ಪ. ಹಾಗಾಗಿ ರಸಕ್ಕೆ ಹೋಲಿಸಿದರೆ ಸಿಪ್ಪೆಯದೇ ಹೆಚ್ಚುಗಾರಿಕೆ. ತಡವಾಗಿ ಚಿಗುರುತ್ತದೆ, ಇನ್ನೂ ತಡವಾಗಿ ಹಣ್ಣಾಗುತ್ತದೆ. ಮೂರ್ವೆದ್ರ್‌ಗೆ ಮುಖ ಬಿಸಿಲಲ್ಲಿರಬೇಕು, ಕಾಲು ನೀರಲ್ಲಿರಬೇಕು ಎಂಬುದು ಆ ಕಡೆಯವರ ಮಾತು. ಮಾರ್ಸೇಲ್ ಮತ್ತು ತೂಲೋಂ ನಡುವಿನ ಈ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3,000 ಗಂಟೆ ಬಿಸಿಲಿದೆ, ತಳದಲ್ಲಿ ತೇವ ಹಿಡಿದಿಡುವ ಸುಣ್ಣ ಬೆರೆತ ಜೇಡಿಮಣ್ಣಿದೆ, ಮಳೆ ಬಂದು ಹೋದ ಮೇಲೆ ಗೊನೆ ಒಣಗಿಸುವ ಮಿಸ್ತ್ರಾಲ್ ಗಾಳಿಯಿದೆ. ಗುಡ್ಡದ ಇಳಿಜಾರಿಗೆ ಕಲ್ಲಿನ ಒಡ್ಡು ಕಟ್ಟಿ ಮೆಟ್ಟಿಲು ಮೆಟ್ಟಿಲಾಗಿ ಬಳ್ಳಿ ನೆಟ್ಟಿದ್ದಾರೆ. ಆ ಒಡ್ಡುಗಳಿಗೆ ರೆಸ್ತಾಂಕ್ ಎನ್ನುತ್ತಾರೆ. ಕೊಯ್ಲೆಲ್ಲ ಕೈಯಲ್ಲೇ. ಇಳುವರಿ ಹೆಕ್ಟೇರಿಗೆ 4,000 ಲೀಟರ್ ದಾಟುವಂತಿಲ್ಲ. ಹೆಕ್ಟೇರಿಗೆ 5,000 ಬಳ್ಳಿ ಎಂದಿಟ್ಟುಕೊಂಡರೆ ಒಂದು ಬಳ್ಳಿಗೆ ಮುಕ್ಕಾಲು ಲೀಟರ್ ಚಿಲ್ಲರೆ, ಅಂದರೆ ಒಂದು ಬಾಟಲಿ. ನಿಮ್ಮ ಭಾವಮೈದುನ ಹೊತ್ತು ತಂದದ್ದು ಎರಡು ಬಳ್ಳಿಗಳ ಒಂದು ವರ್ಷದ ದುಡಿಮೆಯನ್ನು.

ಈ ದ್ರಾಕ್ಷಿ ಅಲ್ಲಿ ಅಳಿದೇ ಹೋಗುವುದರಲ್ಲಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಫಿಲೊಕ್ಸೆರಾ ಎಂಬ ಬೇರಿನ ಹೇನು ಫ್ರಾನ್ಸಿನ ತೋಟಗಳನ್ನು ತಿಂದುಹಾಕಿತು. ಅಮೆರಿಕದ ಬೇರುಗಿಡಕ್ಕೆ ಕಸಿ ಕಟ್ಟಿದರೆ ಮಾತ್ರ ಬಳ್ಳಿ ಉಳಿಯುತ್ತಿತ್ತು. ನಮ್ಮ ವಿಜಯಪುರದ ಬೆಳೆಗಾರರು ಇಂದು ಡಾಗ್‌ರಿಡ್ಜ್ ಮೇಲೆ ಕಸಿ ಕಟ್ಟುತ್ತಾರಲ್ಲ, ಅದೂ ಅಮೆರಿಕದ ಮೂಲದ್ದೇ. ಮೂರ್ವೆದ್ರ್ ಕಸಿಗೆ ಸುಲಭವಾಗಿ ಒಗ್ಗಲಿಲ್ಲ, ಇಳುವರಿಯೂ ಕಡಿಮೆ. ಜನ ಮೂಟೆಗಟ್ಟಲೆ ಬಿಡುವ ತಳಿಗಳನ್ನು ನೆಟ್ಟುಕೊಂಡರು. ಹಿಂದೊಮ್ಮೆ ಪೀಪಾಯಿಗಳಿಗೆ "ಬಿ" ಅಕ್ಷರದ ಬರೆ ಹಾಕಿ ಹಡಗು ಹತ್ತಿಸುತ್ತಿದ್ದ ಊರಿನ ವೈನು ಹೆಸರಿಲ್ಲದ ಸರಕಾಯಿತು.

ಅದನ್ನು ಎತ್ತಿ ನಿಲ್ಲಿಸಿದ್ದರಲ್ಲಿ ಒಂದು ಮನೆತನದ ಪಾಲು ದೊಡ್ಡದು. ಬಾಂದೋಲಿನ ದೊಮೇನ್ ತಾಂಪಿಯೆ ಎಂಬ ತೋಟದ ಮನೆಮಗಳು ಲೂಸಿ ತಾಂಪಿಯೆ, ಎಲ್ಲರ ಬಾಯಲ್ಲಿ ಲುಲು, 1936ರಲ್ಲಿ ಲೂಸಿಯೆನ್ ಪೇರೋ ಅವರನ್ನು ಮದುವೆಯಾದರು. ಮಾವನ ಮನೆಯಲ್ಲಿ ಫಿಲೊಕ್ಸೆರಾಗೂ ಹಿಂದಿನ ಕಾಲದ ಒಂದು ಬಾಟಲಿಯ ರುಚಿ ನೋಡಿದ ಲೂಸಿಯೆನ್, ಆ ವೈನಿನ ಮೂಲ ಹುಡುಕುತ್ತಾ ಮೂರ್ವೆದ್ರ್‌ಗೆ ಬಂದು ಮುಟ್ಟಿದರು. ನೆರೆಹೊರೆಯ ಬೆಳೆಗಾರರನ್ನು ಒಪ್ಪಿಸಿದರು. 1941ರಲ್ಲಿ ಬಾಂದೋಲಿಗೆ ಅಧಿಕೃತ ಪ್ರಾದೇಶಿಕ ಮಾನ್ಯತೆ ದೊರೆಯಿತು. ಮೊದಲು ಕಡಿಮೆಯಿದ್ದ ಮೂರ್ವೆದ್ರ್ ಪಾಲನ್ನು ಹಂತ ಹಂತವಾಗಿ ಏರಿಸಿ, ಕೆಂಪು ವೈನಿನಲ್ಲಿ ಕನಿಷ್ಠ ಶೇ. 50 ಇರಲೇಬೇಕು ಎಂಬಲ್ಲಿಗೆ ತಂದರು. ಜೊತೆಗೆ ಕನಿಷ್ಠ 18 ತಿಂಗಳು ಮರದಲ್ಲಿ ಇಡಬೇಕು. ಏಳು ಮಕ್ಕಳನ್ನು ಸಾಕಿ, ಮನೆಗೆ ಬಂದವರಿಗೆಲ್ಲ ಒಲೆಯ ಮುಂದೆ ನಿಂತು ಬಡಿಸಿದ ಲುಲು 2020ರಲ್ಲಿ, 102ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ತೋಟದಲ್ಲಿ ಇಂದಿಗೂ ತೂರ್ತಿನ್, ಮಿಗುವಾ, ಕಬಾಸ್ಸಾವು ಎಂದು ಒಂದೊಂದು ಹೊಲದ ವೈನನ್ನು ಬೇರೆ ಬೇರೆಯಾಗಿ ತುಂಬುತ್ತಾರೆ. ಕಬಾಸ್ಸಾವು ಹೆಚ್ಚುಕಡಿಮೆ ಪೂರ್ತಿ ಮೂರ್ವೆದ್ರ್. ಒಗರಿಗೆ ಹೆದರಿದ್ದರೆ ಈ ಹೆಸರುಗಳು ಉಳಿಯುತ್ತಿರಲಿಲ್ಲ.

ಈಗ ನಿಮ್ಮ ಸ್ಟೀಲ್ ಟ್ಯಾಂಕಿನ ವಿಚಾರ. ಸ್ಟೀಲು ತೊಳೆಯಲು ಸುಲಭ, ತಂಪು ಹಿಡಿತದಲ್ಲಿರುತ್ತದೆ, ಬಿಳಿ ವೈನಿಗೆ ಅದು ವರವೇ ಸರಿ. ಒಪ್ಪಿದೆವು. ಆದರೆ ಮೂರ್ವೆದ್ರ್ ಉಸಿರು ಕಟ್ಟುವ ಜಾತಿ. ಗಾಳಿ ಸಾಲದಿದ್ದರೆ ಹುದುಗಿನಿಂದ ಹುಟ್ಟಿದ ಗಂಧಕದ ವಾಸನೆ ಒಳಗೇ ಉಳಿಯುತ್ತದೆ: ಕೊಳೆತ ಮೊಟ್ಟೆ, ಸುಟ್ಟ ರಬ್ಬರು, ನೀವು ಹೇಳಿದ ಕೊಟ್ಟಿಗೆ. ಗಾಳಿಯಾಡದ ಸ್ಟೀಲಿನಲ್ಲಿ ಅದನ್ನು ಕೂಡಿಹಾಕಿದರೆ ನಿಮ್ಮ ದೂರು ಇಮ್ಮಡಿಯಾದೀತೇ ಹೊರತು ಕಡಿಮೆಯಾಗದು. ಹುದುಗುವಾಗ ಮೇಲೆದ್ದ ಸಿಪ್ಪೆಯ ಪದರದ ಮೇಲೆ ತಳದ ರಸವನ್ನು ಎತ್ತಿ ಸುರಿಯುವುದು, ಆಮೇಲೆ ಗಸಿ ಬಿಟ್ಟು ತಿಳಿಯನ್ನು ಬೇರೆ ಪೀಪಾಯಿಗೆ ಬಗ್ಗಿಸುವುದು, ಎರಡೂ ಅದಕ್ಕೆ ಉಸಿರು ಕೊಡುವ ಕೆಲಸಗಳೇ. ಉಳಿದದ್ದನ್ನು ಮರ ನೋಡಿಕೊಳ್ಳುತ್ತದೆ. ಅದೂ ಫೂದ್ರ್ ಎಂಬ ಭಾರೀ ಮರದ ಪೀಪಾಯಿ. 5,000 ಲೀಟರಿನ ಫೂದ್ರ್‌ಗೆ ಹೋಲಿಸಿದರೆ 225 ಲೀಟರಿನ ಸಣ್ಣ ಪೀಪಾಯಿಯಲ್ಲಿ ಪ್ರತಿ ಲೀಟರ್ ವೈನಿಗೆ ತಾಗುವ ಮರ ಸುಮಾರು ಮೂರು ಪಟ್ಟು. ಹೊಸದಾಗಿದ್ದರೆ ಅದು ತನ್ನದೇ ವೆನಿಲ್ಲಾ ವಾಸನೆಯನ್ನೂ ಒಗರನ್ನೂ ಸೇರಿಸಿ ಹಣ್ಣಿನ ರುಚಿಯನ್ನು ಮುಚ್ಚಿಹಾಕುತ್ತದೆ. ಹಳೆಯ ಫೂದ್ರ್ ರುಚಿ ಕೊಡುವುದಿಲ್ಲ, ಮೆಲ್ಲಗೆ ಗಾಳಿ ಮಾತ್ರ ಬಿಡುತ್ತದೆ. ಆ ಗಾಳಿಯಲ್ಲಿ ಟ್ಯಾನಿನ್ ಬಣ್ಣದ ಕಣಗಳ ಜೊತೆ ಹೆಣೆದುಕೊಂಡು ನಯವಾಗುತ್ತದೆ. ಇನ್ನೊಂದು ಗಡಸು ವೈನಿನ ನಾಡಾದ ಮದಿರಾನಿನಲ್ಲಿ ಪ್ಯಾಟ್ರಿಕ್ ದುಕುರ್ನೋ 1990ರ ದಶಕದ ಆರಂಭದಲ್ಲಿ ಟ್ಯಾಂಕಿನೊಳಕ್ಕೆ ಆಮ್ಲಜನಕವನ್ನು ಗುಳ್ಳೆ ಗುಳ್ಳೆಯಾಗಿ ಬಿಡುವ ವಿಧಾನ ಕಂಡುಹಿಡಿದದ್ದೂ ಈ ಕೊರತೆ ನೀಗಿಸಲೆಂದೇ.

ಹಳೆಯ ಪೀಪಾಯಿ ಕೊಳಕಾಗಬಹುದು ಎಂಬ ನಿಮ್ಮ ಅನುಮಾನದಲ್ಲಿ ಸತ್ಯವಿದೆ. ಬ್ರೆಟನೊಮೈಸಿಸ್ ಎಂಬ ಯೀಸ್ಟು ಮರದ ಸಂದಿಯಲ್ಲಿ ಮನೆ ಮಾಡಿಕೊಂಡರೆ ಕುದುರೆ ಲಾಯದ ವಾಸನೆ ಬರುತ್ತದೆ, ಅದಕ್ಕೆ ಸಂಪ್ರದಾಯದ ಹೆಸರಿಡುವುದು ತಪ್ಪು. ನಿಮ್ಮದು ಯಾವುದು ಎಂದು ತಿಳಿಯಲು ಒಂದು ಪರೀಕ್ಷೆಯಿದೆ. ಗ್ಲಾಸಿಗೆ ಸ್ವಲ್ಪ ವೈನ್ ಹಾಕಿ, ಉಜ್ಜಿ ತೊಳೆದ ತಾಮ್ರದ ತಂತಿಯ ತುಂಡನ್ನು ಒಂದು ನಿಮಿಷ ಆಡಿಸಿ, ಮೂಸಿ. ವಾಸನೆ ಇಳಿದರೆ ಅದು ಗಂಧಕದ್ದು, ಗಾಳಿ ಕೊಟ್ಟರೆ ಹೋಗುತ್ತದೆ. ಇಳಿಯದಿದ್ದರೆ ಯೀಸ್ಟಿನದು ಇರಬಹುದು, ಅದಕ್ಕೆ ಮದ್ದಿಲ್ಲ. ಪರೀಕ್ಷೆಯ ಗ್ಲಾಸನ್ನು ಚೆಲ್ಲಿಬಿಡಿ.

ನಿಮ್ಮ ಸಂಜೆ ಕೆಟ್ಟದ್ದು ಎಲ್ಲಿ ಎಂದು ನಿಮ್ಮ ಪತ್ರದಲ್ಲೇ ಇದೆ. ಬಾಂದೋಲ್ ಕೊಯ್ಲಿನಿಂದ ಎಂಟು ಹತ್ತು ವರ್ಷ ಕೇಳುತ್ತದೆ. ಪ್ರಯಾಣದಲ್ಲಿ ಕುಲುಕಿದ ಬಾಟಲಿಗೆ ಎರಡು ವಾರವಾದರೂ ವಿಶ್ರಾಂತಿ ಬೇಕು. ಬೆಂಗಳೂರಿನ 28 ಡಿಗ್ರಿ ಕೋಣೆಯಲ್ಲಿ ಶೇ. 14ರ ಆಲ್ಕೊಹಾಲು ಮೂಗಿಗೆ ಹೊಡೆಯುತ್ತದೆ. ಅದರ ಮೇಲೆ ಮೆಣಸಿನಕಾಯಿಯ ಖಾರ. ಖಾರ ಆಲ್ಕೊಹಾಲಿನ ಉರಿಯನ್ನೂ ಒಗರನ್ನೂ ಎತ್ತಿ ತೋರಿಸುತ್ತದೆ. ಕುರಿಮಾಂಸದ ಕೊಬ್ಬು ಮತ್ತು ಪ್ರೋಟೀನಿದ್ದಿದ್ದರೆ ಬಾಳೆಹೂವಿಗೆ ಮಜ್ಜಿಗೆ ಮಾಡಿದ ಉಪಕಾರವನ್ನು ಅದು ನಿಮ್ಮ ಬಾಯಿಗೆ ಮಾಡುತ್ತಿತ್ತು. ಬಾಂದೋಲ್ ಇರುವ ಪ್ರೊವಾನ್ಸ್ ಸೀಮೆಯವರು ಇದನ್ನು ಕುರಿ ತೊಡೆ, ಆಲಿವ್ ಹಾಕಿ ಗಂಟೆಗಟ್ಟಲೆ ಬೇಯಿಸಿದ ಮಾಂಸದ ಜೊತೆ ಇಡುವುದು ಸುಮ್ಮನಲ್ಲ.

ಆದರೆ ತಪ್ಪೆಲ್ಲ ನಿಮ್ಮದೇ ಎಂದು ಹೇಳಲಾರೆವು. ಕೇಳಿದ್ದು ಕೇಳಿದ ಕ್ಷಣಕ್ಕೆ, ಸಿಹಿಯಾಗಿ, ನಯವಾಗಿ ಸಿಗಬೇಕೆಂಬ ಅಭ್ಯಾಸವನ್ನು ಅಂಗಡಿಗಳು ನಮಗೆ ಕಲಿಸಿವೆ. ಬಾಂದೋಲಿನಲ್ಲೇ ಇಂದು ಬಹುಪಾಲು ದ್ರಾಕ್ಷಿ ಹೋಗುವುದು ರೋಸೆ ಎಂಬ ತಿಳಿಗುಲಾಬಿ ವೈನಿಗೆ. ಸೆಪ್ಟೆಂಬರಿನಲ್ಲಿ ಕೊಯ್ದದ್ದು ಮುಂದಿನ ಬೇಸಿಗೆಗೇ ದುಡ್ಡಾಗುತ್ತದೆ. ಕೆಂಪು ವೈನ್ ಮಾಡುವವನು 18 ತಿಂಗಳು ಬಂಡವಾಳ ಕಟ್ಟಿಹಾಕಿ, ಇನ್ನೂ ಎಳೆಯದನ್ನು ಮಾರಬೇಕು, ಕೊಂಡವನು ಅದೇ ರಾತ್ರಿ ತೆಗೆದು ಬೈಯಬೇಕು. ಇಲ್ಲಿಯೂ ಅಷ್ಟೇ. ದ್ರಾಕ್ಷಿಗೆ ತೂಕದ ಮೇಲೆ ದರ ಕಟ್ಟಿದರೆ ಯಾವ ರೈತ ಗೊನೆ ಇಳಿಸಿ ಇಳುವರಿ ಕಡಿಮೆ ಮಾಡಿಕೊಂಡಾನು? ಟ್ಯೂಬ್‌ಲೈಟಿನ ಕೆಳಗೆ, ಏಪ್ರಿಲ್ ಸೆಖೆಯಲ್ಲಿ, ಬಾಟಲಿಗಳನ್ನು ತಿಂಗಳುಗಟ್ಟಲೆ ನಿಲ್ಲಿಸಿ ಮಾರುವ ಅಂಗಡಿಗಳಿಗೆ ಯಾರು ಹೇಳಬೇಕು? ನೆಲ್ಲಿಕಾಯಿಯನ್ನೂ ಸಕ್ಕರೆಯಲ್ಲಿ ಅದ್ದಿ ಪೊಟ್ಟಣ ಕಟ್ಟಿದ ಮೇಲೆ ಮಕ್ಕಳ ನಾಲಿಗೆಗೆ ಒಗರಿನ ಪರಿಚಯವಾಗುವುದು ಎಲ್ಲಿಂದ? ಆರು ರಸಗಳಲ್ಲಿ ಒಂದನ್ನು ನಮ್ಮ ಕಣ್ಣೆದುರೇ ಕಳೆದುಕೊಳ್ಳುತ್ತಿದ್ದೇವೆ. ಅದಕ್ಕೇ ನಿಮ್ಮ ಪತ್ರಕ್ಕೆ ಇಷ್ಟು ಜಾಗ ಕೊಟ್ಟೆವು.

ಉಳಿದ ಬಾಟಲಿಯನ್ನು ಅಟ್ಟಕ್ಕೆ ಹಾಕಬೇಡಿ, ಹೆಂಚಿನ ಕಾವಿಗೆ ಕಾರ್ಕ್ ಮೇಲೆದ್ದು ಬರುತ್ತದೆ. ವೈನ್ ಇಡುವ ತಂಪು ಕಪಾಟು ಇರುವ ಸ್ನೇಹಿತರಿದ್ದರೆ ಅವರ ಬಳಿ 12ರಿಂದ 14 ಡಿಗ್ರಿಯಲ್ಲಿ ಮಲಗಿಸಿಡಿ. ಇಲ್ಲದಿದ್ದರೆ ನಿಮ್ಮ ಫ್ರಿಜ್ಜಿನ ತಳದ ಅರೆಯಾದರೂ ಆದೀತು, ಮಾಗುವುದು ನಿಧಾನ ಅಷ್ಟೇ. 2030ರವರೆಗೆ ಮುಟ್ಟಬೇಡಿ. ತೆಗೆಯುವ ಹಿಂದಿನ ದಿನ ನೆಟ್ಟಗೆ ನಿಲ್ಲಿಸಿದರೆ ಗಸಿ ತಳ ಸೇರುತ್ತದೆ. ಊಟಕ್ಕೆ ಎರಡು ಮೂರು ಗಂಟೆ ಮುಂಚೆ ಅಗಲ ಬಾಯಿಯ ಗಾಜಿನ ಹೂಜಿಗೆ ಮೆಲ್ಲಗೆ ಬಗ್ಗಿಸಿ, ಗಸಿ ಕುತ್ತಿಗೆಗೆ ಬಂದಾಗ ನಿಲ್ಲಿಸಿ. 16ರಿಂದ 18 ಡಿಗ್ರಿ ಸಾಕು, ಕೋಣೆ ಬಿಸಿಯಿದ್ದರೆ ಹೂಜಿಯನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಜೊತೆಗೆ ಕಾಳುಮೆಣಸು ಹಾಕಿದ, ಮೆಣಸಿನಕಾಯಿ ಹಾಕದ ಕುರಿಮಾಂಸ. ಆಮೇಲೆ ನಮಗೆ ಇನ್ನೊಂದು ಪತ್ರ ಬರೆಯಿರಿ.